ಅರ್ಧ ಗಂಟೆಯ ಬೆಲೆ

ಲಂಡನ್ನಿನಲ್ಲಿರುವ ಭಾರತೀಯರು ಒಬ್ಬರಿಗೊಬ್ಬರು ಹೇಳಿಕೊಡುವ ಹಳೆಯ ಉಪಾಯವೊಂದಿದೆ. ಊರಿನಲ್ಲಿ ಈಗ ಎಷ್ಟು ಗಂಟೆ ಎಂದು ತಿಳಿಯಬೇಕಾದರೆ ಕೈಗಡಿಯಾರವನ್ನು ಬಿಚ್ಚಿ ತಲೆಕೆಳಗಾಗಿ ಹಿಡಿದರೆ ಸಾಕು. ಅಲ್ಲಿ ಬೆಳಿಗ್ಗೆ 9 ಗಂಟೆಯಾಗಿದ್ದರೆ ತಿರುಗಿಸಿದ ಗಡಿಯಾರ ಎರಡೂವರೆ ತೋರಿಸುತ್ತದೆ. ಧಾರವಾಡದಲ್ಲಿ ಆಗ ಮಧ್ಯಾಹ್ನ ಎರಡೂವರೆಯೇ. ಗಂಟೆಯ ಮುಳ್ಳು ಅರ್ಧ ಮನೆಯಷ್ಟು ಮುಂದೆ ನಿಂತಿರುತ್ತದೆ, ಅಷ್ಟೇ. ಎರಡು ದೇಶಗಳ ನಡುವೆ ಐದೂವರೆ ಗಂಟೆಯ ಅಂತರ ಇರುವ ಚಳಿಗಾಲದಲ್ಲಿ ಮಾತ್ರ ಇದು ನಡೆಯುತ್ತದೆ. ಬೇಸಿಗೆಯಲ್ಲಿ ಬ್ರಿಟನ್ ತನ್ನ ಗಡಿಯಾರಗಳನ್ನು ಒಂದು ಗಂಟೆ ಮುಂದಕ್ಕೆ ಹಾಕಿಕೊಂಡ ಮೇಲೆ ಉಪಾಯ ಕೆಡುತ್ತದೆ. ಆದರೆ ಇದಕ್ಕೆ ಕಾಸಿನ ಖರ್ಚಿಲ್ಲ. ಬಸ್ ನಿಲ್ದಾಣದ ಪಕ್ಕದ ಅಂಗಡಿಯಲ್ಲಿ ಕೊಂಡ ಗಡಿಯಾರದಲ್ಲೂ ಆಗುತ್ತದೆ.

ಹತ್ತು ಲಕ್ಷ ರೂಪಾಯಿ ದಾಟುವ, ಎರಡು ದೇಶಗಳ ಸಮಯ ತೋರಿಸುವುದಕ್ಕೆಂದೇ ಮಾಡಿದ ಸ್ವಿಸ್ ಗಡಿಯಾರದಲ್ಲಿ ಇದೇ ಕೆಲಸ ಇಷ್ಟು ಸಲೀಸಾಗಿ ಆಗುವುದಿಲ್ಲ. ಅಂಗಡಿಯಲ್ಲಿ ಈ ಮಾತನ್ನು ಯಾರೂ ಹೇಳುವುದಿಲ್ಲ, ಯಾರೂ ಕೇಳುವುದೂ ಇಲ್ಲ. ಅಲ್ಲಿ ಕೇಳುವ ಪ್ರಶ್ನೆ ಬೇರೆ: ಇದರ ಬೆಲೆ ಉಳಿಯುತ್ತದೆಯೇ?

ಈ ಪ್ರಶ್ನೆ ಕೇಳುವವರು ಈಗ ಕಡಿಮೆಯೇನಿಲ್ಲ. ಪುಣೆಯ ಹಿಂಜವಡಿಯಲ್ಲೋ ಹೈದರಾಬಾದಿನ ಗಚ್ಚಿಬೌಲಿಯಲ್ಲೋ ಹದಿನೈದು ವರ್ಷ ದುಡಿದು ನಲವತ್ತು ದಾಟಿದವರು. ತಂಗಿ ನ್ಯೂಜೆರ್ಸಿಯಲ್ಲಿ, ಮಗ ಜರ್ಮನಿಯಲ್ಲಿ ಓದುತ್ತಿದ್ದಾನೆ, ಕಚೇರಿಯ ಗ್ರಾಹಕರು ಸಿಂಗಪುರದಲ್ಲಿ. ಕೈಯಲ್ಲಿ ಒಂದು ದೊಡ್ಡ ಬೋನಸ್ ಇದೆ. ಜೀವಮಾನದಲ್ಲಿ ಒಂದೇ ಒಂದು ಒಳ್ಳೆಯ ಗಡಿಯಾರ ಕೊಳ್ಳಬೇಕು, ಅದು ಎರಡು ಊರಿನ ಸಮಯ ತೋರಿಸಬೇಕು, ಮುಂದೆ ಮಾರಿದರೆ ಹಾಕಿದ ದುಡ್ಡಾದರೂ ಬರಬೇಕು. ಆಸೆ ಸಹಜವಾದದ್ದೇ. ತೊಂದರೆ ಏನೆಂದರೆ ಇವು ಒಂದೇ ಪ್ರಶ್ನೆಯಂತೆ ಕಂಡರೂ ಎರಡು ಪ್ರಶ್ನೆಗಳು. ಭಾರತದಲ್ಲಿ ಬದುಕುವವರಿಗೆ ಈ ಎರಡರ ಉತ್ತರಗಳು ಎದುರುಬದುರಾಗಿ ಎಳೆಯುತ್ತವೆ. ಬೆಲೆ ಉಳಿಸಿಕೊಳ್ಳುವ ಗಡಿಯಾರ ಕೆಲಸಕ್ಕೆ ಅಷ್ಟು ಒದಗುವುದಿಲ್ಲ, ಕೆಲಸಕ್ಕೆ ಒದಗುವ ಗಡಿಯಾರ ಬೆಲೆ ಉಳಿಸಿಕೊಳ್ಳುವುದಿಲ್ಲ. ಎರಡರಲ್ಲಿ ಒಂದನ್ನು ಆರಿಸಬೇಕಾದರೆ ಕೆಲಸವನ್ನೇ ಆರಿಸಬೇಕು ಎಂಬುದು ಈ ಬರಹದ ವಾದ.

ಮೊದಲು ಕೆಲಸದ ಮಾತು. 1950ರ ದಶಕದ ನಡುವಿನಲ್ಲಿ ಪ್ಯಾನ್ ಅಮೆರಿಕನ್ ವಿಮಾನ ಸಂಸ್ಥೆಯ ಪೈಲಟ್‌ಗಳಿಗೆ ಸಾಗರ ದಾಟುವ ದೀರ್ಘ ಹಾರಾಟಗಳಲ್ಲಿ ಎರಡು ಸಮಯ ಒಟ್ಟಿಗೆ ಬೇಕಾಗಿತ್ತು: ಇಳಿದ ಊರಿನದೊಂದು, ವಿಮಾನಯಾನದ ಲೆಕ್ಕಕ್ಕೆ ಗ್ರೀನಿಚ್ ಸಮಯ ಇನ್ನೊಂದು. ರೋಲೆಕ್ಸ್ ಅವರಿಗಾಗಿ ರೂಪಿಸಿದ್ದು ಜಿಎಂಟಿ-ಮಾಸ್ಟರ್. ಮಾಮೂಲಿ ಮೂರು ಮುಳ್ಳುಗಳ ಜೊತೆಗೆ ದಿನಕ್ಕೆ ಒಂದೇ ಸುತ್ತು ಹಾಕುವ ನಾಲ್ಕನೆಯ ಮುಳ್ಳು, ಗಾಜಿನ ಸುತ್ತ 24 ಗಂಟೆಗಳನ್ನು ಬರೆದ, ತಿರುಗಿಸಬಹುದಾದ ಬಳೆ. ಬಳೆಯ ಅರ್ಧ ಕೆಂಪು, ಅರ್ಧ ನೀಲಿ: ಒಂದು ಹಗಲಿಗೆ, ಒಂದು ರಾತ್ರಿಗೆ. ಅದಕ್ಕೂ ಸ್ವಲ್ಪ ಮೊದಲು, 1953ರಲ್ಲಿ, ಗ್ಲೈಸೀನ್ ಕಂಪನಿ ಏರ್‌ಮ್ಯಾನ್ ಎಂಬ 24 ಗಂಟೆಯ ಗಡಿಯಾರವನ್ನು ತಂದಿತ್ತು. ಆದರೆ ಜನರ ಮನಸ್ಸಿನಲ್ಲಿ ಉಳಿದದ್ದು ಕೆಂಪು-ನೀಲಿಯ ರೋಲೆಕ್ಸ್. ಇಂದಿಗೂ ಈ ಬಗೆಯ ಎಲ್ಲ ಗಡಿಯಾರಗಳನ್ನೂ ಜಿಎಂಟಿ ಗಡಿಯಾರ ಎಂದೇ ಕರೆಯುತ್ತಾರೆ.

ಹಳೆಯ ಜಿಎಂಟಿ-ಮಾಸ್ಟರಿನಲ್ಲಿ ನಾಲ್ಕನೆಯ ಮುಳ್ಳು ಗಂಟೆಯ ಮುಳ್ಳಿಗೆ ಕಟ್ಟಿಕೊಂಡೇ ತಿರುಗುತ್ತಿತ್ತು, ಇನ್ನೊಂದು ಊರಿನ ಸಮಯ ಬೇಕಾದರೆ ಬಳೆಯನ್ನೇ ತಿರುಗಿಸಬೇಕಿತ್ತು. 1983ರಲ್ಲಿ ಬಂದ ಜಿಎಂಟಿ-ಮಾಸ್ಟರ್ 2 ಎರಡನ್ನೂ ಬಿಡಿಸಿತು. ಅಲ್ಲಿಂದ ಈ ಗಡಿಯಾರಗಳಲ್ಲಿ ಎರಡು ಜಾತಿ. ಒಂದರಲ್ಲಿ ಗಂಟೆಯ ಮುಳ್ಳನ್ನು ಬೇರೆಯಾಗಿ ಹಿಂದೆ ಮುಂದೆ ಹಾರಿಸಬಹುದು: ವಿಮಾನದಿಂದ ಇಳಿದವರು ಕೀಲಿಯನ್ನು ಎಳೆದು ಮೂರು ಸಲ ತಿರುಗಿಸಿದರೆ ಹೊಸ ಊರಿನ ಸಮಯ ಸಿದ್ಧ, ನಿಮಿಷ ಕದಲುವುದಿಲ್ಲ. ಇನ್ನೊಂದರಲ್ಲಿ ಹಾರುವುದು 24 ಗಂಟೆಯ ಮುಳ್ಳು. ಇಂಗ್ಲಿಷ್ ಹವ್ಯಾಸಿಗಳು ಮೊದಲನೆಯದಕ್ಕೆ ಫ್ಲೈಯರ್, ಎರಡನೆಯದಕ್ಕೆ ಕಾಲರ್ ಎನ್ನುತ್ತಾರೆ: ಹಾರುವವರು ಮತ್ತು ಫೋನ್ ಮಾಡುವವರು. ಮೊದಲನೆಯದೇ ನಿಜವಾದ ಜಿಎಂಟಿ ಎಂಬ ಮಾತು ಹವ್ಯಾಸಿಗಳ ನಡುವೆ ಬಹಳ ಓಡುತ್ತದೆ. ಆದರೆ ವರ್ಷದ ಮುನ್ನೂರೈವತ್ತು ದಿನ ಚೆನ್ನೈನಲ್ಲೇ ಇದ್ದು ಹ್ಯೂಸ್ಟನ್ನಿನಲ್ಲಿರುವ ಮಗಳಿಗೆ ಕರೆ ಮಾಡುವವರಿಗೆ ಬೇಕಾದದ್ದು ಎರಡನೆಯದು, ಅದು ಸಾಮಾನ್ಯವಾಗಿ ಅಗ್ಗವೂ ಹೌದು. ಸೀಕೋ 2022ರಲ್ಲಿ ತಂದ ಸೀಕೋ 5 ಜಿಎಂಟಿ ಈ ಜಾತಿಯದು.

ಇಲ್ಲಿಯವರೆಗಿನ ಮಾತು ಯಾವ ದೇಶದವರಿಗಾದರೂ ಒಂದೇ. ಭಾರತದವರಿಗೆ ಬೇರೆಯಾಗುವುದು ಅರ್ಧ ಗಂಟೆಯಿಂದ. ಜಿಎಂಟಿ ಗಡಿಯಾರದಲ್ಲಿ ಗಂಟೆಯ ಮುಳ್ಳುಗಳು ಎರಡು, ನಿಮಿಷದ ಮುಳ್ಳು ಒಂದೇ. ಎರಡೂ ಊರುಗಳಲ್ಲಿ ನಿಮಿಷ ಒಂದೇ ಆಗಿರುತ್ತದೆ ಎಂಬ ನಂಬಿಕೆಯ ಮೇಲೆ ಇಡೀ ಯಂತ್ರ ನಿಂತಿದೆ. ನ್ಯೂಯಾರ್ಕ್ ಮತ್ತು ಲಂಡನ್ ನಡುವೆ, ದುಬೈ ಮತ್ತು ಸಿಂಗಪುರದ ನಡುವೆ ಅದು ನಿಜ. ಭಾರತದಿಂದ ನೋಡಿದರೆ ದುಬೈ ಒಂದೂವರೆ ಗಂಟೆ ಹಿಂದೆ, ಸಿಂಗಪುರ ಎರಡೂವರೆ ಗಂಟೆ ಮುಂದೆ, ಜರ್ಮನಿ ಚಳಿಗಾಲದಲ್ಲಿ ನಾಲ್ಕೂವರೆ, ನ್ಯೂಯಾರ್ಕ್ ಹತ್ತೂವರೆ, ಕ್ಯಾಲಿಫೋರ್ನಿಯಾ ಹದಿಮೂರೂವರೆ ಗಂಟೆ ಹಿಂದೆ. ಭಾರತೀಯರು ದುಡಿಯಲು, ಓದಲು ಹೋಗುವ ಹೆಚ್ಚುಕಡಿಮೆ ಎಲ್ಲ ಊರುಗಳಿಗೂ ಆ ಅರ್ಧ ಅಂಟಿಕೊಂಡೇ ಬರುತ್ತದೆ. ನಮ್ಮ ಸಮಯವನ್ನೇ ಇಟ್ಟುಕೊಂಡಿರುವ ಪರದೇಶ ಶ್ರೀಲಂಕಾ. ಅಲ್ಲಿಗಾದರೆ ಎರಡನೆಯ ಮುಳ್ಳೇ ಬೇಡ.

ಈ ಅರ್ಧ ಎಲ್ಲಿಂದ ಬಂತು ಎಂಬುದು ಮುಂಬಯಿಯ ಓದುಗರಿಗೆ ವಿಶೇಷವಾಗಿ ಹತ್ತಿರದ ಕಥೆ. 1906ರ ಜನವರಿ 1ರಂದು ಇಡೀ ದೇಶಕ್ಕೆ ಒಂದೇ ಸಮಯ ಎಂದು ಬ್ರಿಟಿಷ್ ಸರಕಾರ ಸ್ಟ್ಯಾಂಡರ್ಡ್ ಟೈಮನ್ನು ಜಾರಿಗೆ ತಂದಿತು. ಆಯ್ದದ್ದು ಮಿರ್ಜಾಪುರದ ಹತ್ತಿರ ಹಾದುಹೋಗುವ 82.5 ಡಿಗ್ರಿ ಪೂರ್ವ ರೇಖಾಂಶ. ಹದಿನೈದು ಡಿಗ್ರಿಗೆ ಒಂದು ಗಂಟೆಯ ಲೆಕ್ಕದಲ್ಲಿ ಅದು ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದೆ. ಕಲ್ಕತ್ತ ಮತ್ತು ಬೊಂಬಾಯಿ ಒಪ್ಪಲಿಲ್ಲ. ಕಲ್ಕತ್ತ 1948ರವರೆಗೆ ತನ್ನದೇ ಸಮಯ ಇಟ್ಟುಕೊಂಡಿತು, ಬೊಂಬಾಯಿ 1955ರವರೆಗೆ. ಬೊಂಬಾಯಿ ಸಮಯ ಸ್ಟ್ಯಾಂಡರ್ಡ್ ಸಮಯಕ್ಕಿಂತ 39 ನಿಮಿಷ ಹಿಂದೆ. ಎಂದರೆ ಆ ಊರಿನ ಜನ ಸುಮಾರು ಅರ್ಧ ಶತಮಾನ ಎರಡು ಸಮಯಗಳಲ್ಲಿ ಬದುಕಿದರು, ಯಾವ ವಿಶೇಷ ಗಡಿಯಾರವೂ ಇಲ್ಲದೆ. ಅವರು ಎರಡು ಸಮಯದ ಗೋಜನ್ನು ಬಿಟ್ಟ 1955ರ ಹೊತ್ತಿಗೇ ರೋಲೆಕ್ಸ್ ಪೈಲಟ್‌ಗಳಿಗೆ ಎರಡು ಸಮಯದ ಗಡಿಯಾರ ಕೊಡುತ್ತಿತ್ತು. ಅದು ಕೈಯಲ್ಲಿದ್ದರೂ 39 ನಿಮಿಷಕ್ಕೆ ಅದರಿಂದ ಪ್ರಯೋಜನವಾಗುತ್ತಿರಲಿಲ್ಲ.

ಅರ್ಧ ಗಂಟೆಗೆ ಯಂತ್ರದಲ್ಲಿ ಪರಿಹಾರವೇ ಇಲ್ಲವೆಂದಲ್ಲ. ಅದು ಇರುವ ಜಾಗ ಮಾತ್ರ ಬೆಲೆಪಟ್ಟಿಯ ಮೇಲ್ತುದಿ ಅಲ್ಲ, ಗಾಜಿನ ಸುತ್ತಲಿನ ಆ ಬಳೆ. ಪುಣೆಯಲ್ಲಿ ಬೆಳಿಗ್ಗೆ ಏಳೂವರೆ ಎಂದುಕೊಳ್ಳಿ. ಚಳಿಗಾಲ, ನ್ಯೂಜೆರ್ಸಿಯಲ್ಲಿ ಹಿಂದಿನ ರಾತ್ರಿ 9 ಗಂಟೆ. ನಾಲ್ಕನೆಯ ಮುಳ್ಳು ನಿಮಿಷದ ಮುಳ್ಳಿನೊಡನೆ ಹಲ್ಲುಗಾಲಿಯಿಂದ ಜೋಡಣೆಯಾಗಿರುವುದರಿಂದ ಆಗ ಅದು 20ಕ್ಕೂ 21ಕ್ಕೂ ನಡುವೆ ನಿಲ್ಲುತ್ತದೆ. ಬಳೆಯನ್ನು ಅರ್ಧ ಮನೆಯಷ್ಟು ಎಡಕ್ಕೆ ತಿರುಗಿಸಿದರೆ 21 ಎಂಬ ಅಂಕಿ ಸರಿಯಾಗಿ ಮುಳ್ಳಿನ ಎದುರಿಗೆ ಬಂದು ನಿಲ್ಲುತ್ತದೆ. ಅರ್ಧ ಗಂಟೆಯ ಲೆಕ್ಕ ಮುಗಿಯಿತು. ಮುಳ್ಳನ್ನು ಮಾತ್ರ ಓದಿದರೆ ತಂಗಿ ಎದ್ದಿದ್ದಾಳೋ ಮಲಗಿದ್ದಾಳೋ ತಿಳಿಯುತ್ತದೆ. ಕರೆ ಮಾಡುವವರಿಗೆ ಬೇಕಾದದ್ದು ಅಷ್ಟೇ.

ಆದರೆ ಬಳೆ ಅರ್ಧ ಮನೆಯಲ್ಲಿ ನಿಲ್ಲಬೇಕಲ್ಲ. ಇಂದಿನ ರೋಲೆಕ್ಸ್ ಜಿಎಂಟಿ-ಮಾಸ್ಟರ್ 2ರ ಬಳೆ ಒಂದು ಸುತ್ತಿಗೆ 24 ಕ್ಲಿಕ್, ಗಂಟೆಗೆ ಒಂದು. ಅರ್ಧಕ್ಕೆ ಅಲ್ಲಿ ಜಾಗವಿಲ್ಲ. ಅದೇ ಮನೆತನದ ಟ್ಯೂಡರ್ 2018ರಲ್ಲಿ ತಂದ ಬ್ಲ್ಯಾಕ್ ಬೇ ಜಿಎಂಟಿಯ ಬಳೆಗೆ 48 ಕ್ಲಿಕ್, ಅರ್ಧ ಗಂಟೆಗೆ ಒಂದು. ಭಾರತದ ಸಮಯಕ್ಕೆ ಅದು ಹೇಳಿ ಮಾಡಿಸಿದಂತಿದೆ. ರೋಲೆಕ್ಸಿನದೇ ಹಳೆಯ 1675 ಮಾದರಿಯ ಬಳೆಗೆ ಕ್ಲಿಕ್ಕೇ ಇರಲಿಲ್ಲ, ಬೇಕಾದಲ್ಲಿ ನಿಲ್ಲುತ್ತಿತ್ತು. ಎಂದರೆ ಅರುವತ್ತು ವರ್ಷ ಹಳೆಯ ಗಡಿಯಾರ ಈ ಒಂದು ವಿಷಯದಲ್ಲಿ ಭಾರತೀಯರಿಗೆ ಇಂದಿನದಕ್ಕಿಂತ ಮೇಲು. ಬಳೆ ತಿರುಗದ ಮಾದರಿಗಳು, ರೋಲೆಕ್ಸಿನದೇ ಎಕ್ಸ್‌ಪ್ಲೋರರ್ 2 ಇದ್ದಂತೆ, ಅರ್ಧವನ್ನು ಮನಸ್ಸಿನಲ್ಲೇ ಕೂಡಿಸಿಕೊಳ್ಳಿ ಎನ್ನುತ್ತವೆ. ವಾಶರಾನ್ ಕಾನ್‌ಸ್ಟಾಂಟಿನ್ ಕಂಪನಿಯ ಓವರ್‌ಸೀಸ್ ವರ್ಲ್ಡ್ ಟೈಮ್ ಅರ್ಧ, ಮುಕ್ಕಾಲು ಗಂಟೆಯ ಊರುಗಳನ್ನೂ ಸೇರಿಸಿ 37 ಸಮಯವಲಯಗಳನ್ನು ತೋರಿಸುತ್ತದೆ, ಅದರ ಬೆಲೆಗೆ ಒಳ್ಳೆಯ ಕಾರು ಬರುತ್ತದೆ. ಕ್ಯಾಸಿಯೋದ ಪ್ಲಾಸ್ಟಿಕ್ ಎಇ-1200 ಕೆಲವೇ ಸಾವಿರ ರೂಪಾಯಿಗೆ 31 ಸಮಯವಲಯಗಳನ್ನು ತೋರಿಸುತ್ತದೆ, ಭಾರತದ ಅರ್ಧವೂ ಅದರಲ್ಲಿದೆ.

ಇನ್ನೊಂದು ತೊಡಕು ಅಮೆರಿಕ, ಯುರೋಪುಗಳು ವರ್ಷಕ್ಕೆ ಎರಡು ಸಲ ಗಡಿಯಾರ ತಿರುಗಿಸುವುದು. ಮಾರ್ಚಿನ ಎರಡನೆಯ ಭಾನುವಾರ ಅಮೆರಿಕದ ಅಂತರ ಹತ್ತೂವರೆಯಿಂದ ಒಂಬತ್ತೂವರೆಗೆ ಇಳಿಯುತ್ತದೆ, ನವೆಂಬರಿನ ಮೊದಲ ಭಾನುವಾರ ಮತ್ತೆ ಹತ್ತೂವರೆ. ಬಳೆ ಇದ್ದವರು ಬಳೆಯನ್ನು ಒಂದು ಮನೆ ತಿರುಗಿಸಿದರೆ ಆಯಿತು. ತಿರುಗುವ ಬಳೆ, ಅದರಲ್ಲೂ ಅರ್ಧದಲ್ಲಿ ನಿಲ್ಲುವ ಬಳೆ, ಬೇರೆಯವರಿಗೆ ಅಲಂಕಾರ, ನಮಗೆ ಅಗತ್ಯ.

ಈಗ ಬೆಲೆಯ ಮಾತು. ಅಂಗಡಿಯಿಂದ ಹೊರಬಂದ ಮೇಲೆ ದುಬಾರಿ ಗಡಿಯಾರಗಳಲ್ಲಿ ಹೆಚ್ಚಿನವು ಕೊಂಡ ಬೆಲೆಗೆ ಮಾರಾಟವಾಗುವುದಿಲ್ಲ. ಈ ಮಾತಿಗೆ ಅಪವಾದವಾಗಿರುವ ಹೆಸರುಗಳು ಕೆಲವೇ, ಎರಡು ಸಮಯದ ಗಡಿಯಾರಗಳಲ್ಲಿ ಎಲ್ಲರ ಬಾಯಲ್ಲಿರುವುದು ಉಕ್ಕಿನ ರೋಲೆಕ್ಸ್ ಜಿಎಂಟಿ-ಮಾಸ್ಟರ್ 2. 2018ರಲ್ಲಿ ಕೆಂಪು-ನೀಲಿ ಬಳೆಯ ಉಕ್ಕಿನ ಮಾದರಿ ಬಂದಾಗಿನಿಂದ ಅದು ಕೈಬದಲಾಗುವ ಪೇಟೆಯಲ್ಲಿ ಪಟ್ಟಿ ಬೆಲೆಗಿಂತ ಹೆಚ್ಚಿಗೇ ಮಾರಾಟವಾಗಿದೆ. 2022ರ ಮೊದಲ ತಿಂಗಳುಗಳಲ್ಲಿ ಅದರ ಬೆಲೆ ಪಟ್ಟಿ ಬೆಲೆಯ ಎರಡು ಪಟ್ಟನ್ನೂ ಮೀರಿತ್ತು. ಗಡಿಯಾರ ಹೂಡಿಕೆ ಎಂಬ ಮಾತು ಮನೆಮನೆಗೆ ಬಂದದ್ದು ಆಗಲೇ. ಮುಂದಿನ ಎರಡು ವರ್ಷಗಳಲ್ಲಿ ಪೇಟೆ ಇಳಿಯಿತು. ಪಟ್ಟಿ ಬೆಲೆಗೆ ಕೊಂಡವರು ಆಗಲೂ ಲಾಭದಲ್ಲೇ ಇದ್ದರು. ತುದಿಯಲ್ಲಿ ಕೊಂಡವರ ಲಕ್ಷಗಳು ಕರಗಿದವು. ಒಂದೇ ಗಡಿಯಾರ, ಒಂದೇ ಯಂತ್ರ. ಬೇರೆಯಾದದ್ದು ಕೊಂಡ ಬೆಲೆ.

ಪಟ್ಟಿ ಬೆಲೆಗೆ ಕೊಳ್ಳಬಹುದಲ್ಲ ಎಂದರೆ, ಅಂಗಡಿಗೆ ಹೋಗಿ ದುಡ್ಡು ಕೊಟ್ಟು ತರುವ ಸರಕು ಅದಲ್ಲ. ಅಧಿಕೃತ ಮಾರಾಟಗಾರರಲ್ಲಿ ಹೆಸರು ಬರೆಸಿ ಕಾಯಬೇಕು. ಎಷ್ಟು ದಿನ ಎಂಬುದಕ್ಕೆ ಲಿಖಿತ ಉತ್ತರವಿಲ್ಲ. ಆ ಅಂಗಡಿಯಲ್ಲಿ ಹಿಂದೆ ಎಷ್ಟು ಖರ್ಚು ಮಾಡಿದ್ದೀರಿ ಎಂಬುದು ಕಾಯುವ ಕಾಲವನ್ನು ತೀರ್ಮಾನಿಸುತ್ತದೆ ಎಂಬುದು ಕೊಳ್ಳುವವರಿಗೆಲ್ಲ ಗೊತ್ತಿರುವ ಗುಟ್ಟು. ಬೇಕಿಲ್ಲದ ಇನ್ನೆರಡು ವಸ್ತುಗಳನ್ನು ಕೊಂಡು ಬೇಕಾದದ್ದನ್ನು ಪಡೆದರೆ, ಆ ಎರಡರ ನಷ್ಟವೂ ಮೂರನೆಯದರ ಬೆಲೆಗೆ ಸೇರುತ್ತದೆ. ಲಾಭದ ಲೆಕ್ಕ ಹೇಳುವವರು ಇದನ್ನು ಸೇರಿಸಿ ಹೇಳುವುದು ಅಪರೂಪ.

ಹಳೆಯ ಗಡಿಯಾರಗಳು ಹರಾಜಿನಲ್ಲಿ ಕೋಟಿಗಳಿಗೆ ಹೋದ ಸುದ್ದಿ ಓದಿ ಆಸೆಪಡುವವರೂ ಇದ್ದಾರೆ. 1979ರ ‘ಅಪೋಕ್ಯಾಲಿಪ್ಸ್ ನೌ’ ಚಿತ್ರದಲ್ಲಿ ಮಾರ್ಲನ್ ಬ್ರ್ಯಾಂಡೊ ಕಟ್ಟಿಕೊಂಡಿದ್ದ ಜಿಎಂಟಿ-ಮಾಸ್ಟರ್ 2019ರ ಡಿಸೆಂಬರಿನಲ್ಲಿ ಫಿಲಿಪ್ಸ್ ಸಂಸ್ಥೆಯ ಹರಾಜಿನಲ್ಲಿ 19 ಲಕ್ಷದ 52 ಸಾವಿರ ಡಾಲರಿಗೆ ಹೋಯಿತು. ಅದರ ಬಳೆಯನ್ನು ಬ್ರ್ಯಾಂಡೊ ಚಿತ್ರೀಕರಣದ ಹೊತ್ತಿನಲ್ಲೇ ಕಿತ್ತುಹಾಕಿದ್ದರು, ಬೆನ್ನಿನ ಮೇಲೆ ತಮ್ಮ ಹೆಸರನ್ನು ತಾವೇ ಕೊರೆದಿದ್ದರು. ಬಳೆ ಇಲ್ಲದ, ಹೆಸರು ಕೆತ್ತಿದ ಗಡಿಯಾರವನ್ನು ಬೇರೆ ಯಾರಾದರೂ ಅಂಗಡಿಗೆ ಒಯ್ದರೆ ಬೆಲೆ ಕಡಿಯುತ್ತಾರೆ. ಅಲ್ಲಿ ಮಾರಾಟವಾದದ್ದು ಬ್ರ್ಯಾಂಡೊ. ಹಿಂಜವಡಿಯ ಉದ್ಯೋಗಿಯ ಗಡಿಯಾರಕ್ಕೆ ಆ ಲೆಕ್ಕ ಹತ್ತುವುದಿಲ್ಲ.

ಇನ್ನು ‘ಬೆಲೆ ಉಳಿಯುವುದು’ ಎಂದರೆ ಏನು? ಹತ್ತು ಲಕ್ಷಕ್ಕೆ ಕೊಂಡು ಹತ್ತು ವರ್ಷದ ಮೇಲೆ ಹತ್ತು ಲಕ್ಷಕ್ಕೇ ಮಾರಿದರೆ ಉಳಿಯಿತು ಎನ್ನುತ್ತಾರೆ. ವರ್ಷಕ್ಕೆ ನೂರಕ್ಕೆ 5ರಂತೆ ಬೆಲೆಗಳು ಏರಿದರೂ ಇಂದಿನ ಹತ್ತು ಲಕ್ಷ ಕೊಳ್ಳುವಷ್ಟನ್ನು ಕೊಳ್ಳಲು ಆಗ 16 ಲಕ್ಷದ 30 ಸಾವಿರ ಬೇಕು. ಅದೇ ಹಣ ನೂರಕ್ಕೆ 7ರ ಬಡ್ಡಿಯಲ್ಲಿ ಬ್ಯಾಂಕಿನಲ್ಲಿ ಕೂತಿದ್ದರೆ 19 ಲಕ್ಷದ 67 ಸಾವಿರವಾಗಿರುತ್ತಿತ್ತು. ಇದರ ನಡುವೆ ರೋಲೆಕ್ಸೇ ಹೇಳುವಂತೆ ಸುಮಾರು ಹತ್ತು ವರ್ಷಕ್ಕೊಮ್ಮೆ ಯಂತ್ರವನ್ನು ಬಿಚ್ಚಿ ಸರ್ವಿಸ್ ಮಾಡಿಸಬೇಕು. ಕಳವಿನ ವಿಮೆ, ಲಾಕರಿನ ಬಾಡಿಗೆ ಬೇರೆ. ಮಾರುವಾಗ ವ್ಯಾಪಾರಿಯ ಪಾಲು ಬೇರೆ.

ಭಾರತದಲ್ಲಿ ಕಣ್ಣಿಗೆ ಮಣ್ಣೆರಚುವ ಇನ್ನೊಂದು ಸಂಗತಿ ರೂಪಾಯಿ. 2014ರಲ್ಲಿ ಡಾಲರಿಗೆ 60ರ ಆಸುಪಾಸಿನಲ್ಲಿದ್ದ ರೂಪಾಯಿ 2024ರ ಕೊನೆಗೆ 85 ದಾಟಿತು. ಡಾಲರಿನಲ್ಲಿ ಒಂದು ಕಾಸೂ ಏರದ ಗಡಿಯಾರ ರೂಪಾಯಿಯಲ್ಲಿ ನೂರಕ್ಕೆ 40ರಷ್ಟು ಏರಿದಂತೆ ಕಾಣುತ್ತದೆ. ಅದು ಗಡಿಯಾರದ ಹೆಚ್ಚುಗಾರಿಕೆಯಲ್ಲ. ಅದೇ ಹತ್ತು ವರ್ಷಗಳಲ್ಲಿ 10 ಗ್ರಾಂ ಚಿನ್ನ 28 ಸಾವಿರದ ಆಸುಪಾಸಿನಿಂದ 75 ಸಾವಿರದ ಮೇಲೆ ಹೋಯಿತು. ಚಿನ್ನಕ್ಕೆ ಪೆಟ್ಟಿಗೆ, ಕಾಗದ, ಕಂಪನಿಯ ಹೆಸರು ಬೇಡ. ಹುಬ್ಬಳ್ಳಿಯಲ್ಲೋ ಮಾಟುಂಗಾದಲ್ಲೋ ತೂಕಕ್ಕೆ ಬೆಲೆ ಕೊಡುವವರು ಸಂಜೆಯೊಳಗೆ ಸಿಗುತ್ತಾರೆ. ಬೆಲೆ ಉಳಿಯಬೇಕು ಎಂಬುದೇ ನಿಜವಾದ ಚಿಂತೆಯಾದರೆ ನಮ್ಮ ಅಜ್ಜಿಯರು ಅದಕ್ಕೆ ಉತ್ತರವನ್ನು ಬಹಳ ಹಿಂದೆಯೇ ಕಂಡುಕೊಂಡಿದ್ದರು.

ಸರಕಾರದ ಕಡೆಯಿಂದಲೂ ಎರಡು ಬದಲಾವಣೆ ಆಗಿವೆ. 2025ರ ಏಪ್ರಿಲ್ 22ರಿಂದ ಹತ್ತು ಲಕ್ಷ ರೂಪಾಯಿಗಿಂತ ದುಬಾರಿಯಾದ ಕೈಗಡಿಯಾರದ ಮಾರಾಟದಲ್ಲಿ ನೂರಕ್ಕೆ 1ರಂತೆ ತೆರಿಗೆಯನ್ನು ಅಂಗಡಿಯವರೇ ಹಿಡಿದು ಕಟ್ಟಬೇಕು. ಅದನ್ನು ಆದಾಯ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು, ಆದರೆ ಕೊಂಡದ್ದು ಲೆಕ್ಕದಲ್ಲಿ ಉಳಿಯುತ್ತದೆ. ಎರಡನೆಯದು ಸ್ವಿಟ್ಜರ್ಲೆಂಡ್ ಸೇರಿದಂತೆ ನಾಲ್ಕು ದೇಶಗಳೊಡನೆ ಆದ ವ್ಯಾಪಾರ ಒಪ್ಪಂದ, 2025ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಅದರಂತೆ ಸ್ವಿಸ್ ಗಡಿಯಾರಗಳ ಆಮದು ಸುಂಕ ಹಂತ ಹಂತವಾಗಿ ಇಳಿಯುತ್ತದೆ. ಕೊಳ್ಳುವವರಿಗೆ ಸಂತೋಷದ ಸುದ್ದಿ. ಆದರೆ ಸುಂಕ ಪೂರ್ತಿ ಇದ್ದಾಗ ಕೊಂಡವರು ಕಟ್ಟಿದ ಸುಂಕವನ್ನು ಮುಂದೆ ಕೊಳ್ಳುವವರು ತುಂಬಿಕೊಡುವುದಿಲ್ಲ. ಹೊಸ ಗಡಿಯಾರ ಅಗ್ಗವಾದರೆ ಹಳೆಯದು ಅದಕ್ಕಿಂತ ಅಗ್ಗವಾಗಲೇಬೇಕು. ಸುಂಕದ ಪಾಲು ದೊಡ್ಡದಿರುವ ದೇಶದಲ್ಲಿ ಬೆಲೆ ಉಳಿಯುವ ಲೆಕ್ಕವನ್ನು ಅಮೆರಿಕದ ಅಂಕಿಗಳಿಂದ ಹಾಕುವುದು ತಪ್ಪು.

ಇದಕ್ಕೆ ಒಂದು ಗಟ್ಟಿ ಎದುರುಮಾತು ಇದೆ. ಪಟ್ಟಿ ಬೆಲೆಗೆ ರೋಲೆಕ್ಸ್ ಸಿಕ್ಕಿದವರು, ಬ್ಯಾಂಕಿನ ಬಡ್ಡಿ ಬರದಿದ್ದರೂ, ಬೇರೆ ಯಾವ ಗಡಿಯಾರ ಕೊಂಡವರಿಗಿಂತಲೂ ಸುರಕ್ಷಿತರಲ್ಲವೇ? ಹೌದು, ಇಲ್ಲಿಯವರೆಗಿನ ಅನುಭವ ಅದನ್ನೇ ಹೇಳುತ್ತದೆ. ಆದರೆ ಆ ಸುರಕ್ಷತೆಗೆ ಷರತ್ತುಗಳಿವೆ. ಬೆಲೆ ಉಳಿಯಬೇಕಾದರೆ ಗೀರು ಬೀಳಬಾರದು, ಬಿದ್ದ ಗೀರನ್ನು ಉಜ್ಜಿ ಪಾಲಿಶ್ ಮಾಡಿಸಬಾರದು, ಪೆಟ್ಟಿಗೆಯೂ ಖಾತರಿಯ ಕಾರ್ಡೂ ಕಳೆಯಬಾರದು. ದಾದರ್‌ನ ಲೋಕಲ್ ರೈಲಿನಲ್ಲಿ ಕಟ್ಟಿಕೊಂಡು ಹೋಗುವ ಧೈರ್ಯ ಎಷ್ಟು ಜನಕ್ಕೆ ಇದ್ದೀತು? ಎರಡು ಊರಿನ ಸಮಯ ನೋಡಲೆಂದು ತಂದದ್ದು ಲಾಕರಿನ ಕತ್ತಲೆಯಲ್ಲಿ ಕೀಲಿ ಮುಗಿದು ನಿಂತಿರುತ್ತದೆ. ಕೊನೆಯ ಷರತ್ತು ಎಲ್ಲಕ್ಕಿಂತ ದೊಡ್ಡದು: ಮಾರಬೇಕು. ತಂದೆ ಕಟ್ಟಿದ ಗಡಿಯಾರವನ್ನು ಮಾರುವ ಮನೆ ಯಾವುದು? ಮಾರದ ವಸ್ತುವಿನ ಲಾಭ ಮಾತಿನಲ್ಲಿ ಮಾತ್ರ ಇರುತ್ತದೆ.

ಕನ್ನಡದಲ್ಲಿ ಹೂಡುವುದು ಎಂದರೆ ಮೊದಲಿಗೆ ನೇಗಿಲು ಹೂಡುವುದು. ಹೂಡಿದ ಮೇಲೆ ಬೆಳೆ ಬರಬೇಕು. ಮನೆ ಬಾಡಿಗೆ ತರುತ್ತದೆ, ಷೇರು ಲಾಭಾಂಶ ತರುತ್ತದೆ, ಠೇವಣಿ ಬಡ್ಡಿ ತರುತ್ತದೆ. ಗಡಿಯಾರ ಏನನ್ನೂ ತರುವುದಿಲ್ಲ. ಮುಂದೆ ಬರುವವರು ಹೆಚ್ಚು ಕೊಟ್ಟಾರು ಎಂಬ ನಿರೀಕ್ಷೆಯೊಂದೇ ಅದರ ಬೆಳೆ. ಹಾಗಿದ್ದರೂ ಹೂಡಿಕೆ ಎಂಬ ಪದ ಏಕೆ ಬೇಕಾಗುತ್ತದೆ ಎಂದರೆ, ಅದನ್ನು ಮನೆಯವರಿಗೆ ಹೇಳಬಹುದು. ಒಬ್ಬರ ಸಂಬಳದ ಆರೇಳು ತಿಂಗಳ ಮೊತ್ತ ಒಬ್ಬರ ಮಣಿಕಟ್ಟಿಗೆ ಹೋಗುವಾಗ ಆಸೆಯಾಗಿದೆ ಎಂದು ಹೇಳುವುದು ಕಷ್ಟ, ಹೂಡಿಕೆ ಎಂದು ಹೇಳುವುದು ಸುಲಭ. ಹೆಂಡತಿಯೋ ಗಂಡನೋ ತಲೆಯಾಡಿಸುತ್ತಾರೆ. ಮಗಳ ಓದಿಗೆ ಹಣ ಬೇಕಾದ ವರ್ಷ ಪೇಟೆ ಇಳಿದಿದ್ದರೆ ಆ ಮಾತಿಗೆ ಉತ್ತರ ಹೇಳಬೇಕಾಗುತ್ತದೆ. ಆಸೆಯನ್ನು ಆಸೆ ಎಂದೇ ಹೇಳಿ ಒಪ್ಪಿಸಿದ್ದರೆ ಆ ದಿನ ಬರುವುದಿಲ್ಲ.

ಹಾಗಾದರೆ ಆರಿಸುವುದು ಹೇಗೆ? ಮೊದಲು ಹೋಗುವವರು ಯಾರು, ಕರೆಯುವವರು ಯಾರು ಎಂದು ಕೇಳಿಕೊಳ್ಳಬೇಕು. ತಿಂಗಳಿಗೊಮ್ಮೆ ದುಬೈಗೋ ಸಿಂಗಪುರಕ್ಕೋ ಹೋಗುವವರಿಗೆ ಗಂಟೆಯ ಮುಳ್ಳು ಹಾರುವ ಗಡಿಯಾರ ಒಳ್ಳೆಯದು: ಟ್ಯೂಡರ್ ಇದೆ, 2022ರಲ್ಲಿ ಬಂದ ಲಾಂಜಿನ್ಸ್ ಸ್ಪಿರಿಟ್ ಜುಲು ಟೈಮ್ ಇದೆ. ಆದರೂ ಇಳಿದ ಕೂಡಲೇ ನಿಮಿಷದ ಮುಳ್ಳನ್ನೂ ಅರ್ಧ ಸುತ್ತು ತಿರುಗಿಸಬೇಕಾಗುತ್ತದೆ ಎಂಬುದು ತಿಳಿದಿರಲಿ. ಊರಿನಲ್ಲೇ ಇದ್ದು ಮಕ್ಕಳ ಸಮಯ ನೋಡುವವರಿಗೆ ಎರಡನೆಯ ಜಾತಿಯೇ ಸಾಕು.

ಆಮೇಲೆ ಅರ್ಧ ಗಂಟೆಯ ಪರೀಕ್ಷೆ. ಅಂಗಡಿಯಲ್ಲೇ ಗಡಿಯಾರವನ್ನು ಭಾರತದ ಸಮಯಕ್ಕೆ ಇಟ್ಟು, ಮಗ ಇರುವ ಊರಿನ ಸಮಯವನ್ನು ಎರಡನೆಯ ಮುಳ್ಳಿನಲ್ಲಿ ತೋರಿಸಿ ಎಂದು ಮಾರುವವರನ್ನೇ ಕೇಳಬೇಕು. ಬಳೆ ಅರ್ಧದಲ್ಲಿ ನಿಲ್ಲುತ್ತದೆಯೇ, ಒಂದು ನೋಟಕ್ಕೆ ಓದಲು ಬರುತ್ತದೆಯೇ, ಚಾಳೀಸು ಹಾಕಿಕೊಳ್ಳದೆ ಅಂಕಿ ಕಾಣುತ್ತದೆಯೇ ನೋಡಬೇಕು. ಐದು ನಿಮಿಷದ ಈ ಪರೀಕ್ಷೆಯಲ್ಲಿ ಸೋಲುವ ಗಡಿಯಾರ ಮುಂದಿನ ಇಪ್ಪತ್ತು ವರ್ಷ ಪ್ರತಿದಿನವೂ ಸೋಲುತ್ತದೆ.

ಮೂರನೆಯದು, ಸಾಧ್ಯವಾದರೆ ಎರಡನೆಯ ಕೈಯದನ್ನು ಕೊಳ್ಳುವುದು. ಲೆಕ್ಕಕ್ಕಾಗಿ ಹೀಗೆ ಇಟ್ಟುಕೊಳ್ಳಿ. ನಾಲ್ಕು ಲಕ್ಷಕ್ಕೆ ಹೊಸದು ಕೊಂಡು, ಹತ್ತು ವರ್ಷದಲ್ಲಿ ನಲವತ್ತು ಸಾವಿರದ ಸರ್ವಿಸ್ ಮಾಡಿಸಿ, ಎರಡು ಲಕ್ಷ ಅರುವತ್ತು ಸಾವಿರಕ್ಕೆ ಮಾರಿದರೆ ಖರ್ಚು ಒಂದು ಲಕ್ಷ ಎಂಬತ್ತು ಸಾವಿರ: ದಿನಕ್ಕೆ ಸುಮಾರು 50 ರೂಪಾಯಿ. ಅದನ್ನೇ ಎರಡು ಲಕ್ಷ ಎಂಬತ್ತು ಸಾವಿರಕ್ಕೆ ಇನ್ನೊಬ್ಬರಿಂದ ಕೊಂಡು, ಅಷ್ಟೇ ಸರ್ವಿಸ್ ಮಾಡಿಸಿ, ಎರಡು ಲಕ್ಷ ಮೂವತ್ತು ಸಾವಿರಕ್ಕೆ ಮಾರಿದರೆ ಖರ್ಚು ತೊಂಬತ್ತು ಸಾವಿರ: ದಿನಕ್ಕೆ 25 ರೂಪಾಯಿ. ದಿನಕ್ಕೊಂದು ಕಾಫಿಯಷ್ಟು. ಇದನ್ನು ಬಾಡಿಗೆ ಎಂದು ತಿಳಿಯಬೇಕು. ಇಷ್ಟು ಬಾಡಿಗೆಗೆ ಈ ಗಡಿಯಾರ ಬೇಕೇ ಎಂಬ ಪ್ರಶ್ನೆಗೆ ಹೌದು ಎಂಬ ಉತ್ತರ ಬಂದರೆ ಧಾರಾಳವಾಗಿ ಕೊಳ್ಳಬಹುದು. ಬಾಡಿಗೆ ಹೆಚ್ಚಾಯಿತು ಎನಿಸಿದರೆ, ಮುಂದೆ ಬರಬಹುದಾದ ಬೆಲೆಯ ಆಸೆ ತೋರಿಸಿ ತನ್ನನ್ನು ತಾನೇ ಒಪ್ಪಿಸಿಕೊಳ್ಳಬಾರದು.

ಎರಡನೆಯ ಕೈಯದನ್ನು ಕೊಳ್ಳುವಾಗ ಪೆಟ್ಟಿಗೆ, ಖಾತರಿ ಕಾರ್ಡು, ಸರ್ವಿಸ್ ರಸೀದಿ ಕೇಳುವುದು, ಕಾರ್ಡಿನ ಸಂಖ್ಯೆಯನ್ನು ಗಡಿಯಾರದ ಮೈಮೇಲಿನ ಸಂಖ್ಯೆಗೆ ಹೋಲಿಸುವುದು, ಭರವಸೆಯ ಕುಶಲಿಯಿಂದ ಬೆನ್ನು ಬಿಚ್ಚಿಸಿ ನೋಡುವುದು ಕಡ್ಡಾಯ. ನಮ್ಮಲ್ಲಿ ಇದಕ್ಕೆ ವಿಶೇಷ ಕಾರಣವಿದೆ. ಹಳೆಯ ಎಚ್‌ಎಂಟಿ, ಸೀಕೋಗಳ ಮುಖಕ್ಕೆ ಹೊಸ ಬಣ್ಣ ಬಳಿದು, ಬೇರೆ ಬೇರೆ ಗಡಿಯಾರಗಳ ಮುಳ್ಳು ಜೋಡಿಸಿ ಮಾರುವ ಕಸುಬು ಎಷ್ಟು ಹಬ್ಬಿದೆಯೆಂದರೆ, ಪರದೇಶದ ಸಂಗ್ರಾಹಕರು ಅಂಥವಕ್ಕೆ ‘ಮುಂಬಯಿ ಸ್ಪೆಷಲ್’ ಎಂದೇ ಹೆಸರಿಟ್ಟಿದ್ದಾರೆ. ನೋಡಲು ಥಳಥಳ ಹೊಳೆಯುವುದೇ ಅವುಗಳ ಗುರುತು.

ಎಚ್‌ಎಂಟಿಯ ಹೆಸರು ಬಂದದ್ದರಿಂದ ಒಂದು ಮಾತು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ಆರಂಭವಾದ ಆ ಕಾರ್ಖಾನೆಯ ಗಡಿಯಾರಗಳನ್ನು ಯಾರೂ ಬೆಲೆ ಉಳಿಯುತ್ತದೆ ಎಂದು ಕೊಳ್ಳಲಿಲ್ಲ. ಮದುವೆಗೆ, ಪಿಯುಸಿ ಪಾಸಾದದ್ದಕ್ಕೆ, ಕೆಲಸ ಸಿಕ್ಕಿದ್ದಕ್ಕೆ ಕೊಂಡರು. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸರಕಾರ ಒಪ್ಪಿದ ಮೇಲೆ ಜನತಾ, ಪೈಲಟ್ ಮಾದರಿಗಳನ್ನು ಹುಡುಕಿಕೊಂಡು ಹೋಗುವವರು ಹುಟ್ಟಿದರು. ಈಗ ಒಳ್ಳೆಯ ಬೆಲೆ ಸಿಗುವುದು ಮುಖಕ್ಕೆ ಬಣ್ಣ ಬಳಿಯದ, ದಿನಾ ಕೀಲಿ ಕೊಟ್ಟು ಜೋಪಾನವಾಗಿ ಬಳಸಿದ ಗಡಿಯಾರಕ್ಕೆ. ಮನೆಯ ಕಪಾಟಿನಲ್ಲಿ ತಂದೆಯ ಪೈಲಟ್ ಇದ್ದವರು ಅದನ್ನೂ ಒಮ್ಮೆ ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಅದಕ್ಕೆ ಇರುವುದು ಒಂದೇ ಸಮಯ. ನ್ಯೂಯಾರ್ಕಿಗೆ ಹತ್ತೂವರೆ ಕಳೆಯುವುದು ಬಾಯಿಲೆಕ್ಕ. ಮಗ ಲಂಡನ್ನಿನಲ್ಲಿದ್ದರೆ ಮಾತ್ರ, ಚಳಿಗಾಲದಲ್ಲಿ, ಬಿಚ್ಚಿ ತಲೆಕೆಳಗಾಗಿ ಹಿಡಿದರೂ ಸಾಕು.